ಬಾಗಿಲ ಬಳಿಯ ಪಾಳಿ ಪುಸ್ತಕ

ಆ ಪೆಟ್ಟಿಗೆಯನ್ನು ಗೋಡೆಗೆ ಜಡಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೋ ನನ್ನ ಬಾಯಿ ಬಿಡಿಸಿದರು ಅಂತ ಆಗಬಾರದು. ನಾಲ್ಕು ಸ್ಕ್ರೂ, ನಾಲ್ಕೂ ಗಟ್ಟಿಯಾಗಿಯೇ ಕೂತಿದ್ದವು. ಜಾಗ ಆರಿಸಿದವಳೂ ನಾನೇ.

ನನ್ನ ಹೆಸರು ಮಿಲುಂಕಾ. ಟೀಸಾ ನದಿ ದಡದ ನಮ್ಮ ಊರಿನ ಶಾಲೆಯಲ್ಲಿ ಇಪ್ಪತ್ತೇಳು ವರ್ಷದಿಂದ ನೆಲ ಒರೆಸುತ್ತೇನೆ, ಗಂಟೆ ಹೊಡೆಯುತ್ತೇನೆ, ಟೀಚರುಗಳಿಗೆ ಕಾಫಿ ಕಾಸಿಕೊಡುತ್ತೇನೆ. ನಮ್ಮ ಕಡೆ ಈ ಕೆಲಸದ ಹೆಂಗಸರನ್ನು ಮಕ್ಕಳೆಲ್ಲ ಚಿಕ್ಕಮ್ಮ ಅಂತಲೇ ಕರೆಯುವುದು. ಹೆಡ್ಮಾಸ್ಟರ್ ರಾಡೋವಾನ್ ಕೂಡ ಹಾಗೇ ಕರೆಯುತ್ತಾರೆ. ಅವರು ಇದೇ ಶಾಲೆಯಲ್ಲಿ ಮೂಗು ಸುರಿಸಿಕೊಂಡು ಓಡಾಡುತ್ತಿದ್ದಾಗಿನಿಂದ ನಾನು ಬಲ್ಲೆ, ಹಾಗಾಗಿ ಅವರ ಗತ್ತು ನನ್ನ ಮುಂದೆ ಅಷ್ಟಾಗಿ ನಡೆಯುವುದಿಲ್ಲ.

ನಮ್ಮ ಶಾಲೆಗಳಲ್ಲಿ ಪಾಳಿ ಅಂತ ಒಂದಿದೆ. ದಿನಕ್ಕೆ ಇಬ್ಬರು ದೊಡ್ಡ ತರಗತಿಯ ಮಕ್ಕಳು ಪಾಠ ಬಿಟ್ಟು ಮುಂಬಾಗಿಲ ಹತ್ತಿರ ಮೇಜು ಹಾಕಿಕೊಂಡು ಕೂರುತ್ತಾರೆ. ಯಾರು ಬಂದರು, ಯಾರು ಹೋದರು, ಎಷ್ಟು ಹೊತ್ತಿಗೆ ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ಸುತ್ತೋಲೆ ಬಂದರೆ ತರಗತಿಯಿಂದ ತರಗತಿಗೆ ಹೊತ್ತೊಯ್ಯುತ್ತಾರೆ. ನಾನೂ ಚಿಕ್ಕವಳಿದ್ದಾಗ ಕೂತಿದ್ದೇನೆ, ನನ್ನ ಅಮ್ಮನೂ ಕೂತಿದ್ದಳು. ನಮ್ಮ ಜನಕ್ಕೆ ಬಾಗಿಲಲ್ಲಿ ಒಬ್ಬರು ಕೂತು ಬರೆಯುತ್ತಿದ್ದರೆ ಆಯಿತು, ಒಳಗೆ ಎಲ್ಲ ಕ್ಷೇಮ ಎಂಬ ನಂಬಿಕೆ. ಪುಟ ಖಾಲಿ ಕಂಡರೆ ನಾನೇ ಮಕ್ಕಳಿಗೆ ಗದರುತ್ತಿದ್ದೆ. "ಏನ್ರೇ, ನಿದ್ದೆ ಹೊಡೀತಿದ್ರಾ? ನೊಣ ಹಾರಿದ್ರೂ ಬರೀರಿ!"

ಅಕ್ಟೋಬರಿನಲ್ಲಿ ಮೇಲಿನವರಿಂದ ಆದೇಶ ಬಂತು. ಮಕ್ಕಳು ಮಕ್ಕಳನ್ನು ಪೀಡಿಸುವುದು ಹೆಚ್ಚಾಗಿದೆ, ಪ್ರತಿ ಶಾಲೆಯಲ್ಲೂ ಒಂದು ನಂಬಿಕೆ ಪೆಟ್ಟಿಗೆ ಇರಬೇಕು ಅಂತ. ಸಲಹೆಗಾರ್ತಿ ಸ್ಲಾವಿತ್ಸಾ ಟೀಚರ್ ಅದನ್ನು ಎದೆಗಪ್ಪಿಕೊಂಡು ತಂದರು. ಪಾಪ, ಅವರು ಎರಡು ಶಾಲೆಗೆ ಹಂಚಿಹೋದವರು, ನಮ್ಮಲ್ಲಿಗೆ ಬರುವುದು ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಬಿಳಿ ತಗಡಿನ ಪೆಟ್ಟಿಗೆ, ಮೇಲೊಂದು ಸೀಳು, ಮುಂದೆ ನೀಲಿ ಅಕ್ಷರ: "ಹೆಸರು ಬೇಕಿಲ್ಲ. ಹೇಳು, ಸಾಕು."

"ಮೇಲೆ, ಲೈಬ್ರರಿ ಪಕ್ಕದ ಮೂಲೇಲಿ ಹಾಕೋಣ ಚಿಕ್ಕಮ್ಮ," ಅಂದರು ಸ್ಲಾವಿತ್ಸಾ.

"ಮೂಲೇಲಾ? ನಾಳೆ ಬೆಳಿಗ್ಗೆ ಅದ್ರೊಳಗೆ ಬಾಳೆಹಣ್ಣಿನ ಸಿಪ್ಪೆ ಸಿಗತ್ತೆ, ನೋಡ್ಕೊಳಿ. ಶೌಚಾಲಯದಲ್ಲಿ ಸೋಪಿನ ಡಬ್ಬ ಎಷ್ಟು ದಿನ ಉಳೀತು? ಪಾಳಿ ಮೇಜಿನ ಎದುರಿಗೆ ಹಾಕಿ. ಕಣ್ಮುಂದೆ ಇದ್ರೆ ಯಾರೂ ಕೈ ಹಚ್ಚಲ್ಲ."

"ಅದೂ ನಿಜ," ಅಂದರು ಹೆಡ್ಮಾಸ್ಟರ್.

ಮೂರು ಜನ ದೊಡ್ಡವರು ನಿಂತಿದ್ದೆವು. ಮೂವರಿಗೂ ಹೊಳೆಯಲಿಲ್ಲ. ನಾನು ಡ್ರಿಲ್ ತಂದೆ.

ಮೊದಲ ಚೀಟಿ ಹಾಕಿದವಳು ನೆವೆನಾ, ಆರನೇ ತರಗತಿ. ಮಾರುಕಟ್ಟೆಯಲ್ಲಿ ಮೀನಿನ ಅಂಗಡಿ ಇಟ್ಟಿರುವ ಲಾಜಾರ್‌ನ ಒಬ್ಬಳೇ ಮಗಳು. ತಾಯಿ ವಿಯೆನ್ನಾದಲ್ಲಿ ಯಾರದೋ ಮನೆಯ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕಿದ್ದಾಳೆ, ವರ್ಷಕ್ಕೆ ಎರಡು ಸಲ ಬರುತ್ತಾಳೆ. ಹುಡುಗಿ ಬೆಳಿಗ್ಗೆ ಐದೂವರೆಗೆ ಎದ್ದು ಅಪ್ಪನ ಜೊತೆ ಐಸು ಹರವಿ, ಮೀನು ಜೋಡಿಸಿ, ಆಮೇಲೆ ಶಾಲೆಗೆ ಬರುತ್ತಾಳೆ. ಎಂಟು ಗಂಟೆಗೆ ಬಾಗಿಲಲ್ಲಿ ಸಿಕ್ಕರೆ "ನಮಸ್ಕಾರ ಚಿಕ್ಕಮ್ಮ" ಅನ್ನುತ್ತಾಳೆ, ಅಷ್ಟೇ. ಸದ್ದಿಲ್ಲದ ಮಗು.

ಅವಳು ಹೋಗುವಾಗ ಮಕ್ಕಳು ಮೂಗು ಹಿಡಿಯುವುದನ್ನು ನಾನು ನೋಡಿದ್ದೆ. ನನ್ನ ಬಕೆಟ್ಟಿನ ಬ್ಲೀಚಿಂಗ್ ವಾಸನೆಗೆ ಇರಬೇಕು ಅಂದುಕೊಂಡು, "ಅಷ್ಟೊಂದು ನಾರ್ತಿದೆಯೇನ್ರೋ?" ಅಂತ ನಕ್ಕಿದ್ದೆ. "ಹೌದು ಚಿಕ್ಕಮ್ಮ, ತುಂಬಾ!" ಅಂತ ಅವರೂ ನಕ್ಕಿದ್ದರು. ಆ ನಗು ನೆನಪಾದರೆ ಈಗ ಮೈ ಉರಿಯುತ್ತದೆ.

ಆ ಸಂಜೆ ಬಾಗಿಲು ಹಾಕುವಾಗ ಪಾಳಿ ಪುಸ್ತಕ ತೆರೆದೇ ಇತ್ತು. ದುಂಡಗಿನ ಅಕ್ಷರದಲ್ಲಿ ಬರೆದಿತ್ತು: "೧೦.೩೫ – ನೆವೆನಾ, ಆರನೇ ತರಗತಿ. ಪೆಟ್ಟಿಗೆಗೆ ಒಂದು ಚೀಟಿ ಹಾಕಿದಳು." ಬರೆದವಳು ಕತಾರೀನಾ, ಎಂಟನೇ ತರಗತಿ. ಎಷ್ಟು ಮುದ್ದಾದ ಅಕ್ಷರ ಅಂದುಕೊಂಡು ಪುಸ್ತಕ ಮುಚ್ಚಿಟ್ಟೆ. ಅಷ್ಟೇ ಅಂದುಕೊಂಡೆ, ದೇವರಾಣೆ.

ಕತಾರೀನಾ ಅಂದರೆ ಶಾಲೆಗೇ ಅಚ್ಚುಮೆಚ್ಚು. ಮೊದಲನೇ ತರಗತಿಯಿಂದ ಎಲ್ಲ ವಿಷಯದಲ್ಲೂ ಪೂರ್ತಿ ಅಂಕ. ತಾಯಿ ಪುರಸಭೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ, ಶಾಲೆಗೆ ಹೊಸ ಕಿಟಕಿ ಬಂದದ್ದು ಅವರಿಂದ. ಇಡೀ ಶಾಲೆಯಲ್ಲಿ ನನಗೆ ಕುರ್ಚಿ ಎಳೆದುಕೊಟ್ಟು "ಎರಡು ನಿಮಿಷ ಕೂತ್ಕೊಳಿ ಚಿಕ್ಕಮ್ಮ, ಸೊಂಟ ನೋಯಲ್ವಾ?" ಅಂತ ಕೇಳಿದ ಮಗು ಅದೊಂದೇ. ಬೇರೆಯವರ ಪಾಳಿಯನ್ನೂ ತಾನೇ ಕೇಳಿ ತೆಗೆದುಕೊಳ್ಳುತ್ತಿದ್ದಳು. ಪಾಠ ತಪ್ಪಿದರೂ ಇವಳ ಅಂಕಕ್ಕೇನು ಕಡಿಮೆ ಅಂತ ಟೀಚರುಗಳೂ ಒಪ್ಪುತ್ತಿದ್ದರು. ವಾರಕ್ಕೆ ಎರಡು ದಿನ, ಕೆಲವೊಮ್ಮೆ ಮೂರು ದಿನ ಅವಳೇ ಬಾಗಿಲಲ್ಲಿ.

ನೆವೆನಾ ಮೂರು ಚೀಟಿ ಹಾಕಿದಳು. ಮೂರೂ ಪುಸ್ತಕದಲ್ಲಿ ದಾಖಲಾದವು. ಸ್ಲಾವಿತ್ಸಾ ಟೀಚರ್ ಚೀಟಿ ಓದಿ, ಹೆಸರು ಹೇಳದೆ, ಎಲ್ಲ ತರಗತಿಗಳಿಗೂ ಹೋಗಿ "ಯಾರನ್ನೂ ಆಡ್ಕೋಬಾರ್ದು, ಫೋನಲ್ಲೂ ಅಷ್ಟೇ" ಅಂತ ಭಾಷಣ ಮಾಡಿ, ಗೋಡೆಗೆ ಬಣ್ಣದ ಕಾಗದ ಅಂಟಿಸಿದರು. ಯಾರು ದೂರಿದ್ದು ಅಂತ ಹುಡುಕಲು ಯಾರಿಗೂ ಕಷ್ಟವಾಗಲಿಲ್ಲ. ಪುಸ್ತಕ ಮೇಜಿನ ಮೇಲೇ ಇತ್ತು.

ನವೆಂಬರಿನಲ್ಲಿ ಪುಸ್ತಕದ ಪುಟಗಳು ತುಂಬತೊಡಗಿದವು. ಮೊದಲಾದರೆ ಅಂಚೆಯವನು, ಹಾಲಿನವನು, ಯಾರದೋ ಅಜ್ಜಿ. ಈಗ ಬೇರೆ ಥರ. "೮.೫೦ – ನೆವೆನಾ ಶೌಚಾಲಯಕ್ಕೆ. ೮.೫೬ – ಹೊರಗೆ." "೧೦.೩೧ – ನೆವೆನಾ ಮೇಲಿನ ಮಹಡಿಗೆ. ಒಬ್ಬಳೇ." ಕತಾರೀನಾ ಇಲ್ಲದ ದಿನವೂ ಬೇರೆ ಕೈಯ ಅಕ್ಷರದಲ್ಲಿ ಹೀಗೇ ಇರುತ್ತಿತ್ತು. ಕೆಲವು ದಿನಕ್ಕೆ ಹೆಸರೂ ಹೋಯಿತು. ಹೆಸರಿನ ಜಾಗದಲ್ಲಿ ಪುಟ್ಟದೊಂದು ಮೀನಿನ ಚಿತ್ರ.

"ಇದೇನೇ ಇದು?" ಅಂತ ಅವತ್ತು ಕೂತಿದ್ದ ಹುಡುಗಿಯನ್ನು ಕೇಳಿದೆ.

"ಗುರುತು ಚಿಕ್ಕಮ್ಮ. ಹೆಸ್ರು ಬರೆಯೋಕೆ ಹೊತ್ತಾಗತ್ತೆ." ಅಂದವಳೇ ಫೋನು ತೆಗೆದು ಪುಟದ ಫೋಟೊ ಹೊಡೆದುಕೊಂಡಳು.

"ಅದ್ಯಾಕೆ?"

"ಪುಸ್ತಕ ಕಳೆದುಹೋದ್ರೆ ಅಂತ."

ಎಷ್ಟು ಜವಾಬ್ದಾರಿ ಅಂತ ನಾನು ಮುಂದೆ ಹೋದೆ. ಹೀಗೆ ಮುಂದೆ ಮುಂದೆ ಹೋಗುತ್ತಲೇ ಇದ್ದೆ ನಾನು. ನೆವೆನಾ ವಿರಾಮದಲ್ಲಿ ಎಲ್ಲಿಗೆ ಹೋದರೂ ಅಲ್ಲಿಗೆ ಮೂರು ನಾಲ್ಕು ಹುಡುಗಿಯರು ಬಂದು ಸೇರುವುದು ನನ್ನ ಕಣ್ಣಿಗೆ ಬಿದ್ದಿತ್ತು. ಅವರು ಮುಟ್ಟುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಸುಮ್ಮನೆ ನಿಂತು ಉಸಿರು ಬಿಗಿಹಿಡಿದು ಕೆನ್ನೆ ಉಬ್ಬಿಸಿಕೊಂಡು ನೋಡುತ್ತಿದ್ದರು. ಅವಳು ಹೊರಟರೆ ಒಟ್ಟಿಗೆ ಉಸ್ಸೆಂದು ಬಿಡುತ್ತಿದ್ದರು.

ಡಿಸೆಂಬರಿನ ಮೊದಲ ವಾರ, ಮೆಟ್ಟಿಲ ಕೆಳಗಿನ ನನ್ನ ಪೊರಕೆ ಕೋಣೆಗೆ ಅವಳೇ ಬಂದಳು.

"ಚಿಕ್ಕಮ್ಮ, ಇಲ್ಲಿ ಸ್ವಲ್ಪ ಹೊತ್ತು ಕೂತ್ಕೊಳ್ಲಾ?"

"ಕೂತ್ಕೋ. ಬಕೆಟ್ ಮೇಲಲ್ಲ, ಈ ಸ್ಟೂಲ್ ಮೇಲೆ."

ನಾನು ಗಂಟೆ ಹೊಡೆದು ಬಂದು ನೋಡಿದರೆ ನನ್ನ ಬ್ಲೀಚಿಂಗ್ ನೀರಿನಲ್ಲಿ ಎರಡೂ ಕೈ ಮೊಣಕೈ ತನಕ ಮುಳುಗಿಸಿಕೊಂಡು ನಿಂತಿದ್ದಾಳೆ. ಎಳೆದು ತೆಗೆದೆ. ಬೆರಳ ಸಂದಿಯೆಲ್ಲ ಬಿರುಕು ಬಿಟ್ಟು ಕೆಂಪಗೆ ಸುಲಿದಿತ್ತು. ಇದು ಒಂದು ದಿನದ ಕೆಲಸ ಅಲ್ಲ.

"ಹುಚ್ಚು ಹಿಡಿದಿದೆಯೇನೇ ನಿಂಗೆ? ಇದು ನೆಲಕ್ಕೆ ಹಾಕೋದು, ಮೈಗಲ್ಲ!"

"ವಾಸನೆ ಹೋಯ್ತಾ ನೋಡಿ ಚಿಕ್ಕಮ್ಮ," ಅಂತ ಕೈ ಚಾಚಿದಳು.

ಆಗ ಅರ್ಥವಾಯಿತು ನನಗೆ. ತಡವಾಗಿ, ಆದರೆ ಎಲ್ಲ ಒಟ್ಟಿಗೇ ಅರ್ಥವಾಯಿತು. ಮೂಗು, ಮೀನಿನ ಚಿತ್ರ, ಫೋಟೊ, ಉಸ್ಸೆನ್ನುವ ಸದ್ದು. ಅವಳು ಫೋನು ತೋರಿಸಲಿಲ್ಲ, ಬಾಯಲ್ಲಿ ಹೇಳಿದಳು. ಫೋನಲ್ಲಿ ಒಂದು ಗುಂಪು ಇದೆ, ಇನ್ನೂರು ಜನ ಇದ್ದಾರೆ, ತಾನು ಎಷ್ಟು ಹೊತ್ತಿಗೆ ಎಲ್ಲಿದ್ದೀನಿ ಅಂತ ಪುಟದ ಫೋಟೊ ಅಲ್ಲಿ ಬರುತ್ತದೆ, ಆಮೇಲೆ ಅವರು ಬರುತ್ತಾರೆ. ರಾತ್ರಿಯೂ ಬರೆಯುತ್ತಾರೆ. ಬಿಟ್ಟು ಹೊರಬಂದರೆ ಮತ್ತೆ ಸೇರಿಸುತ್ತಾರೆ.

"ನಿಮ್ಮಪ್ಪಂಗೆ ಹೇಳಿದ್ಯಾ?"

"ಅಪ್ಪಂಗೆ ಹೇಳ್ಬೇಡಿ. ಚಿಕ್ಕಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ. ಅಪ್ಪ ಪ್ರತಿ ರಾತ್ರಿ ನಿಂಬೆಹಣ್ಣು ಹಚ್ಚಿ ಕೈ ತೊಳ್ಕೊಂಡೇ ನನ್ನ ತಲೆ ಬಾಚೋದು. ತನ್ನಿಂದ ಹೀಗಾಯ್ತು ಅಂತ ಅವನಿಗೆ ಗೊತ್ತಾದ್ರೆ..." ಹನ್ನೆರಡು ವರ್ಷದ ಮಗು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದು ತನಗಾಗಿ ಅಲ್ಲ, ಅಪ್ಪ ನೊಂದುಕೊಳ್ಳಬಾರದು ಅಂತ.

ಮುಂದಿನ ಗುರುವಾರ ಕತಾರೀನಾ ಮತ್ತು ಅವಳ ಗೆಳತಿ ಪಾಳಿಯಲ್ಲಿದ್ದರು. ನಾನು ಕಾಫಿ ತಟ್ಟೆ ಹಿಡಿದು ಹೋಗುವಾಗ ಇಬ್ಬರೂ ತಲೆ ಬಗ್ಗಿಸಿ ಬರೆಯುತ್ತಿದ್ದರು. ಮೇಜಿನ ತುಂಬ ಬೇರೆ ಬೇರೆ ಪೆನ್ನು, ಪೆನ್ಸಿಲು. ಗೆಳತಿ ಎಡಗೈಯಲ್ಲಿ ಬರೆಯುತ್ತಿದ್ದಳು, ನಾಲಿಗೆ ಕಚ್ಚಿಕೊಂಡು.

"ಏನ್ರೇ ಇದು, ಪರೀಕ್ಷೆನಾ?"

"ಇಲ್ಲ ಚಿಕ್ಕಮ್ಮ, ಪೆಟ್ಟಿಗೆಗೆ," ಅಂದಳು ಕತಾರೀನಾ, ನಗುನಗುತ್ತ. "ಚಿಕ್ಕ ಮಕ್ಳು ಬರೆಯೋಕೆ ಹೆದರ್ತಾರೆ ಪಾಪ. ಅವರು ಹೇಳ್ತಾರೆ, ನಾವು ಬರ್ಕೊಡ್ತೀವಿ."

ಏನೋ ಸರಿಯಿಲ್ಲ ಅನ್ನಿಸಿತು. ಆದರೂ ತಟ್ಟೆಯಲ್ಲಿನ ಕಾಫಿ ಆರುತ್ತಿತ್ತು. ಮುಂದೆ ಹೋದೆ.

ಶುಕ್ರವಾರ ಸ್ಲಾವಿತ್ಸಾ ಪೆಟ್ಟಿಗೆ ತೆರೆದರು. ಮೂವತ್ತೆಂಟು ಚೀಟಿ. ಟೀಚರುಗಳ ಕೋಣೆಯಲ್ಲಿ ನಾನು ಕಾಫಿ ಬಗ್ಗಿಸುತ್ತಿದ್ದಾಗಲೇ ಗಟ್ಟಿಯಾಗಿ ಓದಿದರು. ನೆವೆನಾ ಚೀಲದಿಂದ ಹಣ ಕದಿಯುತ್ತಾಳೆ. ನೆವೆನಾ ಹೊಲಸು ಮಾತಾಡುತ್ತಾಳೆ. ನೆವೆನಾ ಅಪ್ಪನ ಮೀನು ಕುಯ್ಯುವ ಚಾಕು ತಂದು ನಮ್ಮನ್ನು ಕುಯ್ಯುತ್ತೇನೆ ಅಂತಾಳೆ. ಚಾಕುವಿನದೇ ಹನ್ನೊಂದು ಚೀಟಿ.

"ಚಾಕು ಅಂದ್ಮೇಲೆ ಪೊಲೀಸರಿಗೆ ತಿಳಿಸ್ಲೇಬೇಕು, ನಿಯಮ ಹಾಗಿದೆ," ಅಂದರು ಹೆಡ್ಮಾಸ್ಟರ್, ಟೈ ಸಡಿಲಿಸಿಕೊಳ್ಳುತ್ತ.

"ಮೊದ್ಲು ತಂದೆ ಹತ್ರ ಮಾತಾಡ್ತೀನಿ ಸಾರ್," ಅಂದರು ಸ್ಲಾವಿತ್ಸಾ. "ಆ ಮಗು ನೋಡಿದ್ರೆ ಹಾಗನ್ಸಲ್ಲ. ಆದ್ರೆ ಮೂವತ್ತೆಂಟು ಮಕ್ಳು ಸುಳ್ಳು ಹೇಳ್ತಾರಾ?"

ಮೂವತ್ತೆಂಟು ಅಲ್ಲ, ಇಬ್ಬರು. ನಾನು ಕಣ್ಣಾರೆ ಕಂಡಿದ್ದೆ. ಬಾಯಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ. ಯಾಕೆ ಅಂದರೆ ಹೆದರಿದೆ. ಪೆಟ್ಟಿಗೆ ಅಲ್ಲಿ ಹಾಕಿಸಿದವಳು ಯಾರು, ಎಲ್ಲ ಬರೀರಿ ಅಂತ ಮಕ್ಕಳಿಗೆ ಕಲಿಸಿದವಳು ಯಾರು ಅಂತ ಕೇಳುತ್ತಾರೆ. ಪಿಂಚಣಿಗೆ ಇನ್ನು ಹನ್ನೊಂದು ತಿಂಗಳು. ಕಿಟಕಿ ಕೊಡಿಸಿದ ತಾಯಿಯ ಮಗಳ ಮೇಲೆ ನೆಲ ಒರೆಸುವವಳ ಮಾತು. ಹೀಗೆಲ್ಲ ಲೆಕ್ಕ ಹಾಕಿ ಖಾಲಿ ಲೋಟ ಎತ್ತಿಕೊಂಡು ಹೊರಗೆ ಬಂದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮಂಗಳವಾರ ಸ್ಲಾವಿತ್ಸಾ ನೆವೆನಾಳ ಕೈಗೆ ಕಾಗದ ಕೊಟ್ಟರು. ತಂದೆ ಗುರುವಾರ ಶಾಲೆಗೆ ಬರಬೇಕು. ಅವಳು ಅದನ್ನು ನೇರ ನನ್ನ ಕೋಣೆಗೆ ತಂದಳು.

"ಇದನ್ನ ಬಾಯ್ಲರಿಗೆ ಹಾಕ್ಬಿಡಿ ಚಿಕ್ಕಮ್ಮ."

"ಹಾಕಿದ್ರೆ ಫೋನ್ ಮಾಡ್ತಾರಲ್ಲೇ."

"ಗುರುವಾರ ಅಪ್ಪಂಗೆ ಆಗೋದೇ ಇಲ್ಲ. ನಿಕೋಲಾ ಹಬ್ಬದ ಹಿಂದಿನ ದಿನ."

ಅದು ನಿಜ. ಸಂತ ನಿಕೋಲಾ ನಮ್ಮೂರಿನ ಅರ್ಧ ಮನೆಗಳ ಕುಲದೇವರು. ಉಪವಾಸದ ಕಾಲದಲ್ಲಿ ಬರುವ ಹಬ್ಬ, ಮಾಂಸ ಮುಟ್ಟುವ ಹಾಗಿಲ್ಲ, ಮೇಜಿನ ಮೇಲೆ ಮೀನೇ ಆಗಬೇಕು. ನನ್ನ ಮನೆಗೂ ನಾಲ್ಕು ಕಿಲೋ ಗೆಂಡೆ ಮೀನು ಹೇಳಿಟ್ಟಿದ್ದೆ. ಕತಾರೀನಾ ಮನೆಯವರೂ ವರ್ಷಾವರ್ಷ ಲಾಜಾರ್‌ನ ಹತ್ತಿರವೇ ಕೊಳ್ಳುವುದು. ಮೂಗು ಹಿಡಿಯುವ ಮಕ್ಕಳ ಮನೆಗಳೆಲ್ಲ ಅವನ ಕೈಯಿಂದಲೇ ಹಬ್ಬ ಮಾಡುತ್ತವೆ.

"ನಾಳೆ ನಾನು ಎಲ್ಲ ಹೇಳ್ತೀನಿ. ಹೆಡ್ಮಾಸ್ಟರಿಗೇ ಹೇಳ್ತೀನಿ. ನೀನು ಹೆದರ್ಬೇಡ," ಅಂದೆ. ಅವಳು ನನ್ನ ಮುಖ ನೋಡಿದಳು. ನಂಬಬೇಕೋ ಬೇಡವೋ ಅಂತ ಯೋಚಿಸುತ್ತಿದ್ದಳು.

ಬುಧವಾರ ನಾನು ಹೆಡ್ಮಾಸ್ಟರರ ಕೋಣೆಗೆ ಹೊರಡುವ ಮೊದಲೇ ಕತಾರೀನಾ ನನ್ನ ಕೋಣೆಗೆ ಬಂದಳು. ಕೈಯಲ್ಲಿ ಬಿಸ್ಕತ್ತಿನ ಡಬ್ಬಿ, ಮೇಲೆ ಸಕ್ಕರೆ ಪುಡಿ ಉದುರಿಸಿದ ಹಬ್ಬದ ಬಿಸ್ಕತ್ತು.

"ಅಮ್ಮ ಕಳಿಸಿದ್ರು ಚಿಕ್ಕಮ್ಮ, ಹಬ್ಬಕ್ಕೆ." ಸ್ಟೂಲಿನ ಮೇಲಿಟ್ಟಳು. ಸುತ್ತ ನೋಡಿದಳು. "ಪೆಟ್ಟಿಗೆ ಜಾಗ ನೀವೇ ಆರಿಸಿದ್ದಂತೆ ಅಲ್ವಾ? ಅಮ್ಮ ಕೇಳ್ತಿದ್ರು."

"ಯಾಕೆ ಕೇಳ್ತಿದ್ರು?"

"ಸುಮ್ನೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕೊನೆಗೆ ಸಿಕ್ಕಿಬೀಳೋದು ಪಾಪದವರೇ ಅಲ್ವಾ ಚಿಕ್ಕಮ್ಮ." ಬಾಗಿಲ ತನಕ ಹೋಗಿ ತಿರುಗಿದಳು. ಮುಖದಲ್ಲಿ ಅದೇ ನಗು. "ನಿನ್ನೆ ಅವಳು ಇಲ್ಲಿ ಹದಿನೇಳು ನಿಮಿಷ ಇದ್ಲು. ಬರೆದಿಟ್ಟಿದೀನಿ."

ಅರವತ್ತು ಸಮೀಪಿಸಿದ ಹೆಂಗಸು ನಾನು, ಗಂಡನನ್ನು ಮಣ್ಣು ಮಾಡಿದವಳು, ಯುದ್ಧಕಾಲದಲ್ಲಿ ಬ್ರೆಡ್ಡಿಗೆ ಸಾಲು ನಿಂತವಳು. ಹದಿನಾಲ್ಕು ವರ್ಷದ ಹುಡುಗಿಗೆ ಹೆದರಿ ಅವತ್ತೂ ಸುಮ್ಮನಿದ್ದೆ. ಆ ಬಿಸ್ಕತ್ತನ್ನು ಹಾಗೇ ಕಸದ ಚೀಲಕ್ಕೆ ಸುರಿದೆ, ಅಷ್ಟೇ ನನ್ನ ಪೌರುಷ.

ಗುರುವಾರ ಬೆಳಿಗ್ಗೆ ಹಿಮ ಬಿದ್ದಿತ್ತು. ನೆವೆನಾ ಎಂಟಕ್ಕೆ ಒಳಗೆ ಬಂದಳು. ನನಗೆ ನಮಸ್ಕಾರ ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಬೈದಿದ್ದರೂ ಇಷ್ಟು ತಾಗುತ್ತಿರಲಿಲ್ಲ.

ಎರಡನೇ ಪಾಠ ನಡೆಯುತ್ತಿದ್ದಾಗ ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆ ಹತ್ತಿರ ಹೋದೆ. ಪಾಳಿಯಲ್ಲಿ ಕತಾರೀನಾ.

"ಚಿಕ್ಕಮ್ಮ, ಅದು ಟೀಚರದ್ದು."

"ಗೊತ್ತು."

"ಕೇಳ್ದೆ ತೆಗೀಬಾರ್ದಲ್ವಾ?"

"ಬರ್ಕೋ. ಮಿಲುಂಕಾ ಪೆಟ್ಟಿಗೆ ಕಿತ್ಲು ಅಂತ ಬರ್ಕೋ. ಆಯ್ತಾ? ಈಗ ಪುಸ್ತಕ ಕೊಡು."

ಅವಳು ಕೊಡಲಿಲ್ಲ. ನಾನೇ ಎಳೆದುಕೊಂಡೆ. ದೊಡ್ಡ ವಿರಾಮದ ಗಂಟೆ ಹೊಡೆದು, ಎಲ್ಲ ಟೀಚರುಗಳೂ ಕಾಫಿಗೆ ಕೂತ ಮೇಲೆ, ಒಳಗೆ ಹೋಗಿ ಪೆಟ್ಟಿಗೆಯನ್ನೂ ಪುಸ್ತಕವನ್ನೂ ಮೇಜಿನ ನಡುವೆ ಇಟ್ಟೆ. ಲಾಜಾರ್‌ನನ್ನು ಕಾಣಲೆಂದೇ ಅವತ್ತು ಬಂದಿದ್ದ ಸ್ಲಾವಿತ್ಸಾ ಫೋನು ಕೈಯಲ್ಲಿ ಹಿಡಿದು ಕೂತಿದ್ದರು.

"ಇವತ್ತು ಕಾಫಿ ಇಲ್ಲ. ಮೊದ್ಲು ಇದನ್ನ ಕೇಳಿ," ಅಂದೆ.

ಪುಟಪುಟ ತಿರುವಿ ಓದಿದೆ. ಹೊತ್ತು, ಮೀನಿನ ಗುರುತು, ಶೌಚಾಲಯ, ಎಷ್ಟು ನಿಮಿಷ. ಆರು ವಾರದ್ದು. ಆರಂಭದಲ್ಲಿ ಯಾರೋ ನಕ್ಕರು, ಆಮೇಲೆ ನಗು ನಿಂತಿತು. ಗುಂಪಿನ ಸಂಗತಿ ಹೇಳಿದೆ. ಬ್ಲೀಚಿಂಗ್ ನೀರಿನ ಸಂಗತಿ ಹೇಳಿದೆ. ಮೂವತ್ತೆಂಟು ಚೀಟಿಗಳನ್ನು ಇಬ್ಬರೇ ಕೂತು ಬರೆದದ್ದನ್ನು ನಾನೇ ನೋಡಿದೆ, ನೋಡಿಯೂ ವಾರವಿಡೀ ಬಾಯಿ ಮುಚ್ಚಿಕೊಂಡೆ ಅಂತಲೂ ಹೇಳಿದೆ. "ಪೆಟ್ಟಿಗೇನ ಅಲ್ಲಿ ಹಾಕ್ಸಿದ್ದೂ ನಾನೇ. ನನ್ನ ಮೇಲೆ ಏನು ಮಾಡ್ಬೇಕೋ ಮಾಡಿ."

ಹೆಡ್ಮಾಸ್ಟರ್ ಗಂಟಲು ಸರಿಮಾಡಿಕೊಂಡರು. "ಇದು ಗಂಭೀರ ಆರೋಪ ಚಿಕ್ಕಮ್ಮ. ಬರೆದುಕೊಡಿ, ವಿಚಾರಣೆ ಮಾಡೋಣ."

"ಬರೆದದ್ದು ಸಾಕು ಸಾರ್!" ಅಂತ ಕಿರುಚಿದೆ. ಇಪ್ಪತ್ತೇಳು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು.

ಸ್ಲಾವಿತ್ಸಾ ತಮ್ಮ ಕಡತದಿಂದ ಚೀಟಿಗಳನ್ನು ತೆಗೆದರು. ಚೌಕಳಿ ಗೆರೆಯ ಕಾಗದ. ಪಾಳಿ ಪುಸ್ತಕದ ಕೊನೆ ತೆರೆದರು. ಐದು ಹಾಳೆ ಹರಿದಿತ್ತು. ಒಂದೊಂದೇ ಚೀಟಿಯ ಅಂಚನ್ನು ಹರಿದ ಅಂಚಿಗೆ ಹಿಡಿದರು. ಕೂತುಕೊಂಡವು. ಚಾಕುವಿನ ಚೀಟಿಯೂ ಕೂತುಕೊಂಡಿತು.

"ಅಯ್ಯೋ ದೇವರೇ," ಅಂದರು ಸ್ಲಾವಿತ್ಸಾ. "ವಿರಾಮಕ್ಕೆ ಮುಂಚೆ ತಾನೇ ನೆವೆನಾನ ಕರೆದು ಹೇಳ್ದೆ. ಅಪ್ಪ ಬರ್ಲಿಲ್ಲ ಅಂದ್ರೆ ಪೊಲೀಸರಿಗೆ ಹೇಳ್ಬೇಕಾಗತ್ತೆ, ಈಗ್ಲೇ ಅಪ್ಪಂಗೆ ಫೋನ್ ಮಾಡ್ತೀನಿ ಅಂತ."

ನಾನು ಆರನೇ ತರಗತಿಗೆ ಓಡಿದೆ. ಅವಳ ಚೀಲ ಬೆಂಚಿನ ಮೇಲಿತ್ತು, ಕೋಟು ಗೋಡೆಯ ಕೊಕ್ಕೆಯಲ್ಲಿತ್ತು. ಅವಳಿರಲಿಲ್ಲ. ಶೌಚಾಲಯ ಎರಡೂ ನೋಡಿದೆ. ನನ್ನ ಕೋಣೆ ನೋಡಿದೆ. ಮುಂಬಾಗಿಲಿಗೆ ಬಂದೆ. ಕತಾರೀನಾ ಬಿಡಿ ಹಾಳೆಯೊಂದನ್ನು ಮುಂದಿಟ್ಟುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಹಾಳೆಯ ಮೇಲೆ ಒಂದೇ ಸಾಲು, ಆ ಮುದ್ದಾದ ಅಕ್ಷರ: "೧೦.೧೨ – ಹೊರಗೆ. ಕೋಟು ಇಲ್ಲ." ಮುಂದೆ ಪುಟ್ಟ ಮೀನು.

"ನೀನು ತಡೀಲಿಲ್ವಾ?"

"ನನ್ನ ಕೆಲ್ಸ ತಡೆಯೋದಲ್ವಲ್ಲ ಚಿಕ್ಕಮ್ಮ," ಅಂದಳು. ಅವಳಿಗೆ ನಿಜವಾಗಿಯೂ ಆಶ್ಚರ್ಯವಾದ ಹಾಗಿತ್ತು.

ಹಿಮದ ಮೇಲೆ ಪುಟ್ಟ ಹೆಜ್ಜೆಗಳು ಗೇಟು ದಾಟಿ ಎಡಕ್ಕೆ ತಿರುಗಿದ್ದವು. ಎಡಕ್ಕೆ ಅಂದರೆ ನದಿ. ಅವಳ ಕೋಟನ್ನು ಕಂಕುಳಲ್ಲಿ ಒತ್ತಿಕೊಂಡು ಓಡಿದೆ. ಸೊಂಟ ನೋವು, ಏದುಸಿರು, ಏನೂ ಗೊತ್ತಾಗಲಿಲ್ಲ. ಬಾಯಲ್ಲಿ ಸಂತ ನಿಕೋಲಾನ ಹೆಸರು, ಬೈಗುಳ, ಎರಡೂ ಬೆರೆತು ಬರುತ್ತಿದ್ದವು. ಹೆಜ್ಜೆಗಳು ದಡದ ಕಟ್ಟೆಯ ಮೆಟ್ಟಿಲ ತನಕ ಹೋಗಿದ್ದವು. ಅವಳು ಅಲ್ಲಿರಲಿಲ್ಲ. ತುಂಬ ಹೊತ್ತು ನಿಂತಿದ್ದಿರಬೇಕು, ಹಿಮ ತುಳಿದು ತುಳಿದು ಕೆಸರಾಗಿತ್ತು. ಕೆಳಗೆ ಟೀಸಾ ಕಪ್ಪಗೆ ಹರಿಯುತ್ತಿತ್ತು. ನನಗೆ ಕೆಳಗೆ ನೋಡಲು ಧೈರ್ಯ ಬರಲಿಲ್ಲ. ಆಮೇಲೆ ನೋಡಿದೆ, ಹೆಜ್ಜೆಗಳು ಕಟ್ಟೆಯ ಮೇಲೇ ಹಿಂದಕ್ಕೆ ತಿರುಗಿ ಮಾರುಕಟ್ಟೆಯ ಕಡೆ ಹೋಗಿದ್ದವು. ಅಲ್ಲೇ ಕೂತು ಅತ್ತೆ.

ಲಾಜಾರ್‌ನ ಅಂಗಡಿಯ ಮುಂದೆ ಜನರ ಸಾಲು ಬೀದಿ ತನಕ ಬಂದಿತ್ತು. ನೆವೆನಾ ಶಾಲೆಯ ಸ್ವೆಟರಿನಲ್ಲೇ ತಕ್ಕಡಿಯ ಪಕ್ಕ ನಿಂತು ಗಿರಾಕಿಗಳಿಗೆ ಚೀಲ ಬಿಡಿಸಿಕೊಡುತ್ತಿದ್ದಳು. ತುಟಿ ನೀಲಿಗಟ್ಟಿತ್ತು. ಲಾಜಾರ್ ದೊಡ್ಡ ಆಳು, ದೊಡ್ಡ ನಗು, ರಬ್ಬರಿನ ಏಪ್ರನ್. ನನ್ನನ್ನು ಕಂಡವನೇ ಕೂಗಿದ, "ಬನ್ನಿ ಮಿಲುಂಕಕ್ಕಾ! ನಿಮ್ಮ ಮೀನು ಎತ್ತಿಟ್ಟಿದೀನಿ. ನೋಡಿ, ಸ್ಕೂಲ್ ಬೇಗ ಬಿಟ್ರಂತೆ, ಅಪ್ಪಂಗೆ ಸಹಾಯ ಮಾಡೋಕೆ ಓಡಿ ಬಂದಿದಾಳೆ ನನ್ನ ಬಂಗಾರ!"

ಅವನಿಗೆ ಇನ್ನೂ ಗೊತ್ತಿರಲಿಲ್ಲ. ನಾನು ಮೀನಿನ ಪೆಟ್ಟಿಗೆಗಳ ಹಿಂದೆ ಹೋಗಿ ಅವಳ ಹೆಗಲಿಗೆ ಕೋಟು ಹೊದಿಸಿದೆ.

"ಹೇಳ್ಬಿಟ್ಟೆ ಮಗೂ. ಎಲ್ಲರ ಮುಂದೆ ಎಲ್ಲ ಹೇಳ್ದೆ. ಚೀಟಿ ಸುಳ್ಳು ಅಂತ ಗೊತ್ತಾಯ್ತು. ಪೊಲೀಸು ಇಲ್ಲ, ಏನಿಲ್ಲ."

"ಈಗ ಹೇಳಿದ್ರಾ?"

"ಈಗ. ನಿನ್ನೆನೇ ಹೇಳ್ಬೇಕಿತ್ತು. ತಪ್ಪಾಯ್ತು."

ಅವಳು ಚೀಲವೊಂದನ್ನು ಬಿಡಿಸಿ ಮುದುಕಿಯೊಬ್ಬಳ ಕೈಗೆ ಕೊಟ್ಟಳು. "ಹಬ್ಬ ಕಳೆದು ಸೋಮವಾರ ಬಾಗಿಲಲ್ಲಿ ಯಾರಿರ್ತಾರೆ?"

"ನಾನೇ ಕೂರ್ತೀನಿ. ಪುಸ್ತಕ ಇಲ್ದೆ."

"ಗುಂಪಲ್ಲಿ ಯಾರು ಕೂರ್ತಾರೆ ಚಿಕ್ಕಮ್ಮ?"

ತಕ್ಕಡಿಯ ಪಕ್ಕದ ಮರದ ಪೆಟ್ಟಿಗೆಯ ಮೇಲೆ ಅವಳ ಫೋನು ಗುಂಯ್ ಅಂತ ನಡುಗಿತು. ನಿಂತಿತು. ಮತ್ತೆ ನಡುಗಿತು, ಮತ್ತೆ, ಬಿಡದೆ.

"ನಿಮ್ಮಮ್ಮ ಇರ್ಬೇಕು, ಹಬ್ಬಕ್ಕೆ ಬರ್ತಾಳೋ ಏನೋ," ಅಂತ ಲಾಜಾರ್ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಫೋನು ಎತ್ತಿಕೊಂಡ.

"ಅಪ್ಪಾ, ಬೇಡ," ಅಂದಳು ನೆವೆನಾ. ನಾನು ಕೈ ಚಾಚಿದೆ, ಎಟುಕಲಿಲ್ಲ.

ಅವನು ನೋಡಿದ. ನನಗೂ ಕಾಣುತ್ತಿತ್ತು. ಅವತ್ತು ಬೆಳಿಗ್ಗೆ ಅದೇ ಸಾಲಿನಲ್ಲಿ ನಿಂತವರು ಯಾರೋ ತೆಗೆದ ಫೋಟೊ. ಅವನೇ, ಅವನ ನಗು, ಅವನ ಎರಡು ಕೈಯಲ್ಲಿ ದೊಡ್ಡ ಗೆಂಡೆ ಮೀನು. ಕೆಳಗೆ "ನಾತದ ಮೂಲ ಸಿಕ್ಕಿತು" ಅಂತ ಬರೆದಿತ್ತು. ಅದರ ಕೆಳಗೆ ಮೂಗು ಹಿಡಿದ ಮುಖಗಳು ಸಾಲಾಗಿ ಏರಿ ಬರುತ್ತಲೇ ಇದ್ದವು. ಅವನು ಹೆಬ್ಬೆರಳಿನಿಂದ ಹಿಂದಿನದಕ್ಕೆ ಸರಿಸಿದ. ಇನ್ನೂ ಹಿಂದಕ್ಕೆ. ನವೆಂಬರಿನ ತನಕ ಹೋದ. ಸಾಲಿನಲ್ಲಿದ್ದ ಹೆಂಗಸೊಬ್ಬಳು, "ಏನಪ್ಪಾ ಲಾಜಾರ್, ಬೇಗ ತೂಗು, ಒಲೆ ಹಚ್ಚಿಟ್ಟು ಬಂದಿದೀನಿ," ಅಂದಳು.

ಅವನು ಫೋನು ಕೆಳಗಿಟ್ಟ. ಮಗಳ ಕಡೆ ತಿರುಗಿ, ತಲೆ ನೇವರಿಸಲು ಕೈ ಎತ್ತಿದ. ಕೈ ಅವಳ ಕೂದಲಿನ ಹತ್ತಿರ ಬಂದು ನಿಂತಿತು. ಅವನು ಅದನ್ನೊಮ್ಮೆ ನೋಡಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡು, ಎರಡೂ ಕೈಯನ್ನು ಏಪ್ರನ್ನಿನ ಹಿಂದೆ ಬಚ್ಚಿಟ್ಟುಕೊಂಡ.